ಬಿಂದುವಿನ ಆಚೆಯ ಅಂಕೆಗಳು: ನಾಲ್ಕನೇ, ಐದನೇ ತರಗತಿಯಲ್ಲಿ ಮಕ್ಕಳು ಎಡವುವ ಜಾಗ

ಈ ಟಿಪ್ಪಣಿ ಎತ್ತಿಕೊಂಡಿರುವ ಪ್ರಶ್ನೆ ಒಂದೇ. ಮೂರನೇ ತರಗತಿಯವರೆಗೆ ಪರವಾಗಿಲ್ಲ ಅನ್ನಿಸಿಕೊಂಡ ಮಗು ನಾಲ್ಕಕ್ಕೋ ಐದಕ್ಕೋ ಬಂದಾಗ ಗಣಿತದಲ್ಲೂ ವಿಜ್ಞಾನದಲ್ಲೂ ಏಕೆ ಹಿಂದೆ ಬೀಳುತ್ತದೆ? ಶಿವಮೊಗ್ಗ ನಗರದಲ್ಲಾಗಲಿ ಭದ್ರಾವತಿಯಲ್ಲಾಗಲಿ ಶಿಕ್ಷಕರ ಕೊಠಡಿಯಲ್ಲಿ ಇದಕ್ಕೆ ಸಿಗುವ ಉತ್ತರ 'ಬೇಸಿಕ್ಸೇ ಇಲ್ಲ ಸರ್' ಎಂದು. ಮನೆಯವರು ಅದನ್ನೇ 'ತಲೆಗೆ ಹತ್ತಲ್ಲ' ಅನ್ನುತ್ತಾರೆ. ಎರಡು ಮಾತಿನ ಹುರುಳೂ ಮಗುವಿನಲ್ಲಿ ಏನೋ ಇಲ್ಲ ಎಂಬುದೇ. ನನಗೆ ಕಂಡದ್ದು ಬೇರೆ. ಎಡವುವ ಮಕ್ಕಳಲ್ಲಿ ಹೆಚ್ಚಿನವರ ಬಳಿ ಹಿಂದೆ ಸರಿಯಾಗಿಯೇ ಕಲಿತ ಒಂದು ನಿಯಮ ಇರುತ್ತದೆ. ಅದು ಸಲ್ಲದ ಜಾಗಕ್ಕೂ ಅದನ್ನೇ ಹಚ್ಚುತ್ತಿರುತ್ತಾರೆ. ಇದು ಒಂದು ತೊಡಕು. ಇದೇ ವಯಸ್ಸಿನಲ್ಲಿ ಇನ್ನೊಂದು ತೊಡಕೂ ಜೊತೆಗೂಡುತ್ತದೆ, ಕನ್ನಡದ ಓದು ಇನ್ನೂ ಸರಾಗವಾಗಿರುವುದಿಲ್ಲ. ಉತ್ತರಪತ್ರಿಕೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಅಂಕ ನೋಡಿದರೆ ಈ ಜಿಲ್ಲೆ ಹಿಂದುಳಿದದ್ದಲ್ಲ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ, ದಕ್ಷಿಣ ಕನ್ನಡದ ನಂತರ ಮೂರನೇ ಸ್ಥಾನ ಶಿವಮೊಗ್ಗದ್ದು, ಶೇ. 88.67. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದು, ಕೃಪಾಂಕ ಕೊಟ್ಟ ಮೇಲೂ ರಾಜ್ಯದ ಸರಾಸರಿ ಶೇ. 73.40ಕ್ಕೆ ಇಳಿದ ವರ್ಷ ಅದು. ಅಂಥ ವರ್ಷದಲ್ಲಿ ಈ ಸ್ಥಾನ ಪಡೆದದ್ದರಲ್ಲಿ ಇಲ್ಲಿನ ಶಿಕ್ಷಕರ ದುಡಿಮೆ ದೊಡ್ಡದು. ಆದರೆ ಹತ್ತನೇ ತರಗತಿಯ ತೇರ್ಗಡೆ ಪ್ರಮಾಣವು ಮಗುವಿನ ಒಳಗೆ ಪರಿಕಲ್ಪನೆ ಕಟ್ಟಿಕೊಂಡ ಬಗೆಯನ್ನು ತೋರಿಸುವ ಅಳತೆಯಲ್ಲ. ಓರೆ ಗುಣಾಕಾರದ ದಾರಿಯನ್ನು ಬಾಯಿಪಾಠ ಮಾಡಿದ ಹುಡುಗ ಎರಡು ಭಿನ್ನರಾಶಿಗಳನ್ನು ಕೂಡಿ ಪೂರ್ತಿ ಅಂಕ ತೆಗೆಯಬಲ್ಲ. ಆ ಮೊತ್ತ ಒಂದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಕೇಳಿದರೆ ಮುಖ ನೋಡುತ್ತಾನೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮನೆಯವರ ತರಕಾರಿ ವ್ಯಾಪಾರಕ್ಕೆ ಸಂಜೆ ಹೊತ್ತು ಕೈಜೋಡಿಸುವ, ಐದನೇ ತರಗತಿ ಓದುವ ಒಬ್ಬ ಹುಡುಗಿ. ಮುಂದೆ ಎಲೆಕ್ಟ್ರಾನಿಕ್ ತಕ್ಕಡಿ. ಕಾಲು ಕೆ.ಜಿ. ಬೀನ್ಸ್‌ಗೆ 0.250, ಅರ್ಧಕ್ಕೆ 0.500 ಎಂದು ಅಂಕೆ ಮೂಡುತ್ತದೆ. ಅವಳು ಅದನ್ನು ಓದುವುದು 'ಇನ್ನೂರೈವತ್ತು', 'ಐನೂರು' ಎಂದು. ದರ ಕಟ್ಟುವುದರಲ್ಲಿ ಎಲ್ಲೂ ತಡವರಿಸುವುದಿಲ್ಲ. ನಾನು ಕೇಳಿದ್ದು ಇಷ್ಟು.

'ಪುಟ್ಟಿ, ಸೊನ್ನೆ ಪಾಯಿಂಟ್ ಐದು ದೊಡ್ಡದಾ, ಸೊನ್ನೆ ಪಾಯಿಂಟ್ ಇನ್ನೂರೈವತ್ತು ದೊಡ್ಡದಾ?'

'ಇನ್ನೂರೈವತ್ತು ಸರ್. ಐದಕ್ಕಿಂತ ಇನ್ನೂರೈವತ್ತು ಜಾಸ್ತಿ ಅಲ್ವಾ.'

'ತಕ್ಕಡಿ ಮೇಲೆ 0.500 ಬಂದ್ರೆ?'

'ಅರ್ಧ ಕೆ.ಜಿ.'

'ಬರೀ 0.5 ಅಂತ ಬಂದ್ರೆ?'

ಸ್ವಲ್ಪ ಹೊತ್ತು ಯೋಚಿಸಿ, 'ಹಂಗೆ ಬರಲ್ಲ ಸರ್' ಅಂದಳು. ಆಮೇಲೆ, 'ಬಂದ್ರೆ ಐದು ಗ್ರಾಂ.'

'ಹಂಗೆ ಬರಲ್ಲ' ಎಂಬ ಮಾತು ಈ ಟಿಪ್ಪಣಿಯ ಮಟ್ಟಿಗೆ ಬಹಳ ಮುಖ್ಯ. ಅವಳು ಹೇಳಿದ್ದು ನಿಜ. ಆ ತಕ್ಕಡಿಯಲ್ಲಿ ಬಿಂದುವಿನ ಬಲಕ್ಕೆ ಯಾವಾಗಲೂ ಮೂರು ಅಂಕೆ. ಬಿಲ್ಲಿನಲ್ಲಿ 12.50 ಎಂದಿದ್ದರೆ ಅಲ್ಲಿ ಯಾವಾಗಲೂ ಎರಡು ಅಂಕೆ. ಬಲಗಡೆಯ ಅಂಕೆಗಳ ಸಂಖ್ಯೆ ಹೀಗೆ ಗೊತ್ತಾಗಿರುವಾಗ ಅವನ್ನು ಪೂರ್ಣ ಸಂಖ್ಯೆಯಂತೆ ಓದಿ ಹೋಲಿಸಿದರೂ ಉತ್ತರ ತಪ್ಪುವುದಿಲ್ಲ. ಅವಳ ಮಟ್ಟಿಗೆ ಬಿಂದು ಎಂದರೆ ಕಿಲೋವನ್ನೂ ಗ್ರಾಮನ್ನೂ, ರೂಪಾಯಿಯನ್ನೂ ಪೈಸೆಯನ್ನೂ ಬೇರೆ ಮಾಡುವ ಗುರುತು. ಕ್ರಿಕೆಟ್ಟಿನಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. 4.3 ಓವರ್ ಎಂದರೆ ನಾಲ್ಕು ಓವರ್, ಮೂರು ಬಾಲು. ಅದಕ್ಕೆ ಇನ್ನು ಮೂರು ಬಾಲು ಸೇರಿದರೆ ಐದು ಓವರ್. ಅಲ್ಲಿ ಬಿಂದು ನಿಜಕ್ಕೂ ಬೇರ್ಪಡಿಸುವ ಗುರುತೇ, ದಶಮಾಂಶದ ಬಿಂದುವೇ ಅಲ್ಲ. ಬೀದಿಯಲ್ಲೂ ಮೈದಾನದಲ್ಲೂ ಒಮ್ಮೆಯೂ ಕೈಕೊಡದ ಈ ನಿಯಮಕ್ಕೆ ಪಠ್ಯಪುಸ್ತಕದ ಪುಟದಲ್ಲಿ 0.5 ಮತ್ತು 0.250 ಅಕ್ಕಪಕ್ಕ ಬಂದಾಗಲೇ ಮೊದಲ ಪೆಟ್ಟು. ಕೆಂಪು ಶಾಯಿಯ ಗೀಟು ಬೀಳುತ್ತದೆ, ಆದರೆ ತನ್ನ ನಿಯಮ ಎಲ್ಲಿಯವರೆಗೆ ಸರಿ, ಎಲ್ಲಿಂದಾಚೆ ಸರಿಯಲ್ಲ ಎಂದು ಆ ಹುಡುಗಿಗೆ ಯಾರೂ ಹೇಳಿರುವುದಿಲ್ಲ.

ಇದು ನಮ್ಮೂರಿನ ಮಕ್ಕಳಿಗಷ್ಟೇ ಅಂಟಿದ ತಪ್ಪಲ್ಲ. ಲಾರೆನ್ ರೆಸ್ನಿಕ್ ಮತ್ತು ಸಂಗಡಿಗರು 1989ರಲ್ಲಿ ಅಮೆರಿಕ, ಇಸ್ರೇಲ್, ಫ್ರಾನ್ಸ್‌ಗಳ ಮಕ್ಕಳಲ್ಲಿ ಇದನ್ನೇ ಗುರುತಿಸಿದರು. ಅವರ ಕೆಲಸದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇನ್ನೊಂದು ಬಗೆಯ ತಪ್ಪು. ಕೆಲವು ಮಕ್ಕಳು 0.45ಕ್ಕಿಂತ 0.3 ದೊಡ್ಡದು ಅನ್ನುತ್ತಾರೆ. ಆ ಹೋಲಿಕೆಯಲ್ಲಿ ಉತ್ತರ ತಪ್ಪು. ಕಾರಣ ಕೇಳಿದರೆ, ಹತ್ತನೇ ಒಂದರ ಚೂರು ನೂರನೇ ಒಂದರ ಚೂರಿಗಿಂತ ದೊಡ್ಡದಲ್ಲವೇ ಎಂದು ವಾದಿಸುತ್ತಾರೆ. ಚೂರಿನ ಗಾತ್ರದ ಬಗ್ಗೆ ಅವರು ಹೇಳಿದ್ದು ಸರಿ, ಎಷ್ಟು ಚೂರು ಎಂಬುದನ್ನು ಮರೆತಿದ್ದಾರೆ. ಈ ಮಗು ನಮ್ಮ ತರಕಾರಿ ಅಂಗಡಿಯ ಹುಡುಗಿಗಿಂತ ಒಂದು ಹೆಜ್ಜೆ ಮುಂದಿದೆ. ಭಿನ್ನರಾಶಿಯ ವಿಚಾರ ಅದರೊಳಗೆ ಹೊಕ್ಕಿದೆ. ಅಂಕಪಟ್ಟಿಯಲ್ಲಿ ಇಬ್ಬರಿಗೂ ಸೊನ್ನೆ.

ಭಿನ್ನರಾಶಿಯಲ್ಲಿ ಇದೇ ಕಥೆ ಇನ್ನಷ್ಟು ವ್ಯಾಪಕ. ಮೂರಕ್ಕಿಂತ ನಾಲ್ಕು ದೊಡ್ಡದಾದ್ದರಿಂದ 1/3ಕ್ಕಿಂತ 1/4 ದೊಡ್ಡದು. 1/2ಕ್ಕೆ 1/3 ಕೂಡಿದರೆ 2/5. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಮೊತ್ತ ಮೊದಲಿನ ಅರ್ಧಕ್ಕಿಂತಲೂ ಕಡಿಮೆಯಾಯಿತು ಎಂಬುದು ಮಗುವಿನ ಕಣ್ಣಿಗೆ ಬೀಳುವುದೇ ಇಲ್ಲ. ಏಕೆಂದರೆ 2/5 ಅದರ ಪಾಲಿಗೆ ಒಂದು ಸಂಖ್ಯೆಯಲ್ಲ, ಗೆರೆಯೊಂದರ ಮೇಲೂ ಕೆಳಗೂ ಇರುವ ಎರಡು ಸಂಖ್ಯೆಗಳು. ಈ ಮಕ್ಕಳೇ ಮನೆಯಲ್ಲಿ ಕಾಲು, ಅರ್ಧ, ಮುಕ್ಕಾಲು ಎಂದು ಲೀಲಾಜಾಲವಾಗಿ ಆಡುತ್ತಾರೆ. ಮುಕ್ಕಾಲು ಲೀಟರ್ ಹಾಲು ಅರ್ಧ ಲೀಟರಿಗಿಂತ ಹೆಚ್ಚು ಎಂದು ಅವರಿಗೆ ಹೇಳಿಕೊಡಬೇಕಿಲ್ಲ. 3/4 ಎಂದು ಬರೆದ ಕೂಡಲೇ ಆ ತಿಳಿವು ಬೇರೊಂದು ಕೋಣೆಯಲ್ಲಿ ಉಳಿದುಬಿಡುತ್ತದೆ.

ಪಾಠ ಮಾಡುವ ಕ್ರಮದಲ್ಲೂ ಇದಕ್ಕೆ ಒಂದು ಕಾರಣವಿದೆ ಎಂದು ನನ್ನ ಅಭಿಪ್ರಾಯ. ನಾವು ಭಿನ್ನರಾಶಿಯನ್ನು ರೊಟ್ಟಿಯ ಹೋಳಿನಿಂದ ಶುರು ಮಾಡುತ್ತೇವೆ, ಅದು ಸರಿ. ಆದರೆ ರೊಟ್ಟಿಯಲ್ಲೇ ನಿಂತುಬಿಟ್ಟರೆ 5/4 ಬಂದಾಗ ಮಗು ಕಂಗೆಡುತ್ತದೆ. ನಾಲ್ಕು ಹೋಳು ಮಾಡಿದ ರೊಟ್ಟಿಯಲ್ಲಿ ಐದನೆಯದು ಎಲ್ಲಿಂದ ಬಂತು? ಸಂಖ್ಯಾರೇಖೆಯ ಮೇಲೆ ಸೊನ್ನೆಯಿಂದ ಎಷ್ಟು ದೂರ ಎಂದು ಗುರುತು ಮಾಡಿದ ಮಗುವಿಗೆ 5/4ರಲ್ಲಿ ವಿಚಿತ್ರವೇನೂ ಇಲ್ಲ, ಒಂದನ್ನು ದಾಟಿ ಇನ್ನು ಕಾಲು ಭಾಗ ಮುಂದೆ, ಅಷ್ಟೆ. ಅಕ್ಷರ ಫೌಂಡೇಷನ್ ಮತ್ತು ರಾಜ್ಯ ಸರ್ಕಾರ ಸೇರಿ ನಾಲ್ಕು, ಐದನೇ ತರಗತಿಗಳಿಗಾಗಿ ನಡೆಸಿದ ಗಣಿತ ಕಲಿಕಾ ಆಂದೋಲನದ ಕಿಟ್ ಇಂಥ ಕೆಲಸಕ್ಕೆ ಒದಗುವ ಸಾಮಗ್ರಿ. ಅದು ಬೀರುವಿನಲ್ಲಿರುತ್ತದೋ ಮಕ್ಕಳ ಕೈಯಲ್ಲಿರುತ್ತದೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇದು ಐದನೇ ತರಗತಿಗೆ ಮುಗಿದುಹೋಗುವ ವಿಷಯವೂ ಅಲ್ಲ. ರಾಬರ್ಟ್ ಸೀಗ್ಲರ್ ಮತ್ತು ಸಂಗಡಿಗರು 2012ರಲ್ಲಿ ಅಮೆರಿಕ, ಬ್ರಿಟನ್‌ಗಳ ದೀರ್ಘಾವಧಿ ದತ್ತಾಂಶ ತೆಗೆದು ನೋಡಿದಾಗ, ಹತ್ತು ವರ್ಷದ ಆಸುಪಾಸಿನಲ್ಲಿ ಭಿನ್ನರಾಶಿ ಮತ್ತು ಭಾಗಾಕಾರ ಎಷ್ಟು ತಿಳಿದಿತ್ತು ಎಂಬುದು ಐದಾರು ವರ್ಷಗಳ ನಂತರದ ಗಣಿತಕ್ಕೆ ಮುನ್ಸೂಚನೆಯಾಗಿತ್ತು. ಬುದ್ಧಿಮತ್ತೆ, ಮನೆಯ ಆದಾಯ, ತಂದೆತಾಯಿಯರ ವಿದ್ಯೆ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ನಂಟು ಉಳಿದಿತ್ತು.

ಮಗು ಹೊಸ ತಿಳಿವನ್ನು ಹಳೆಯದರ ಜೊತೆ ಹೊಂದಿಸಿಕೊಳ್ಳುವ ಬಗೆಗೆ ನಮಗೆ ಹತ್ತಿರದ ಒಂದು ಅಧ್ಯಯನ ಇದೆ. ಭೂಮಿ ಗುಂಡಗಿದೆ ಎಂದು ಶಾಲೆಯಲ್ಲಿ ಕೇಳಿದ ಮಕ್ಕಳು ಆ ಮಾತನ್ನು ಹಾಗೇ ನುಂಗುವುದಿಲ್ಲ ಎಂದು ಸ್ಟೆಲ್ಲಾ ವೊಸ್ನಿಯಾದೂ ಮತ್ತು ವಿಲಿಯಂ ಬ್ರೂವರ್ 1992ರಲ್ಲಿ ಅಮೆರಿಕದ ಮಕ್ಕಳ ಮಾತಿನಿಂದ ತೋರಿಸಿದ್ದರು. ಕಣ್ಣಿಗೆ ಕಾಣುವ ನೆಲ ಚಪ್ಪಟೆ. ಹಾಗಾಗಿ ಟೊಳ್ಳು ಗೋಳದ ಒಳಗಿನ ಚಪ್ಪಟೆ ನೆಲದ ಮೇಲೆ ನಾವಿದ್ದೇವೆ ಎಂದೋ, ಭೂಮಿಗಳೇ ಎರಡು ಇವೆ ಎಂದೋ ಮಕ್ಕಳು ತಾವೇ ಒಂದು ರಾಜಿ ಮಾಡಿಕೊಳ್ಳುತ್ತಾರೆ. 1996ರಲ್ಲಿ ಇದೇ ಪ್ರಶ್ನೆಗಳನ್ನು ಹೈದರಾಬಾದಿನ ಮಕ್ಕಳಿಗೆ ಕೇಳಿದಾಗ ಭೂಮಿ ನೀರಿನ ಮೇಲೆ ನಿಂತಿದೆ ಎಂಬಂಥ ಕಲ್ಪನೆಗಳೂ ಸೇರಿಕೊಂಡವು. ಆ ಕಲ್ಪನೆ ನಮ್ಮ ಕಡೆಯ ಅಜ್ಜಿಯರ ಕಥೆಗಳಿಂದ ದೂರದ್ದಲ್ಲ. ಮಗುವಿನ ಉತ್ತರ ತಪ್ಪಾದಾಗಲೂ ಅದರೊಳಗೆ ಒಂದು ಕಟ್ಟಡ ಇರುತ್ತದೆ, ಅದನ್ನು ಮೊದಲು ನೋಡಬೇಕು ಎಂಬುದು ಈ ಸಾಲಿನ ಸಂಶೋಧನೆಗಳಿಂದ ನಾನು ಕಲಿತದ್ದು.

ಇನ್ನು ಎರಡನೆಯ ತೊಡಕು, ಓದು. ಇದರ ಮೇಲೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಕೆಲಸ ನಡೆದಿದೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ನಿನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡದ ಮಕ್ಕಳು ಅಕ್ಷರ ಕಲಿಯುವ ವೇಗವನ್ನು ಅಳೆಯಿತು. ಅಲ್ಲಿ ಕಂಡದ್ದು, ಕನ್ನಡದ ಅಕ್ಷರಕಲಿಕೆ ಮೊದಲ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ನಾಲ್ಕನೇ ತರಗತಿಗೂ ಚಾಚಿಕೊಳ್ಳುತ್ತದೆ ಎಂಬುದು. ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯವಿಲ್ಲ. ವರ್ಣಮಾಲೆಯಲ್ಲಿ 49 ಅಕ್ಷರ. ಅದರಲ್ಲಿ 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ. ಅಷ್ಟಕ್ಕೇ ರೂಪಗಳು ಐನೂರರ ಆಸುಪಾಸು ಆಗುತ್ತವೆ. ಒತ್ತಕ್ಷರಗಳು ಅದರ ಮೇಲೆ. ಉಚ್ಚರಿಸಿದಂತೆ ಬರೆಯುವ ಲಿಪಿ, ಹಾಗಾಗಿ ಸುಲಭ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಒಂದು ಸಲ ಕಲಿತವರಿಗೆ ಸುಲಭ ನಿಜ. ಕಲಿಯುವ ಮಗುವಿಗೆ ಕಣ್ಣಿನಲ್ಲಿ ಗುರುತಿಟ್ಟುಕೊಳ್ಳಬೇಕಾದ ಆಕಾರಗಳು ನೂರಾರು.

ಈಗ ನಾಲ್ಕು, ಐದನೇ ತರಗತಿಯ ಪಠ್ಯದಿಂದ ಆಚೆಗೆ ಬರುವ ಪದಗಳನ್ನು ನೋಡಿ. ಭಿನ್ನರಾಶಿ, ಛೇದ, ವಿಸ್ತೀರ್ಣ, ಸುತ್ತಳತೆ, ಸ್ಥಾನಬೆಲೆ, ಇನ್ನೆರಡು ವರ್ಷಕ್ಕೆ ದ್ಯುತಿಸಂಶ್ಲೇಷಣೆ. ಒತ್ತಕ್ಷರವೂ ಮಹಾಪ್ರಾಣವೂ ಹೆಚ್ಚಾಗಿ ಬಂದು ಕೂಡುವುದು ಪರಿಕಲ್ಪನೆಯನ್ನು ಹೊತ್ತ ಪದಗಳಲ್ಲೇ. ಕತೆಯ ಪಾಠದಲ್ಲಿ ಒಂದು ಪದ ತಪ್ಪಿದರೂ ಮಗು ಊಹೆಯಿಂದ ಮುಂದೆ ಹೋಗುತ್ತದೆ. ಗಣಿತದ ಲೆಕ್ಕದಲ್ಲಿ 'ಸುತ್ತಳತೆ' ಎಂಬುದನ್ನು ಬಿಡಿಸಿ ಓದುವಷ್ಟರಲ್ಲಿ ವಾಕ್ಯದ ಆರಂಭದಲ್ಲಿದ್ದ 'ಆಯತಾಕಾರದ ನಿವೇಶನ' ನೆನಪಿನಿಂದ ಜಾರಿರುತ್ತದೆ. ಮನಸ್ಸಿನಲ್ಲಿ ಒಂದೇ ಹೊತ್ತಿಗೆ ಹಿಡಿದಿಟ್ಟುಕೊಳ್ಳಬಹುದಾದದ್ದು ಸ್ವಲ್ಪ, ಅದನ್ನು ಬೇರೆ ಕೆಲಸ ಕಬಳಿಸಿದರೆ ಕಲಿಕೆಗೆ ಜಾಗ ಉಳಿಯುವುದಿಲ್ಲ ಎಂಬುದು ಜಾನ್ ಸ್ವೆಲರ್ 1988ರಿಂದ ಕಟ್ಟಿದ ಸಿದ್ಧಾಂತದ ತಿರುಳು. ಒತ್ತಕ್ಷರ ಬಿಡಿಸುವುದರಲ್ಲೇ ಸುಸ್ತಾದ ಮಗು ನಿವೇಶನದ ಉದ್ದ 40, ಅಗಲ 30 ಎರಡನ್ನೂ ಗುಣಿಸಿ ಕೈ ತೊಳೆದುಕೊಳ್ಳುತ್ತದೆ. ನಾವು 'ಸುತ್ತಳತೆ, ವಿಸ್ತೀರ್ಣದ ವ್ಯತ್ಯಾಸವೇ ಗೊತ್ತಿಲ್ಲ' ಎಂದು ಬರೆದುಕೊಳ್ಳುತ್ತೇವೆ. ಗೊತ್ತಿಲ್ಲದೆಯೂ ಇರಬಹುದು, ಓದಿಯೇ ಇಲ್ಲದಿರಬಹುದು. ಅದೇ ಮಗುವಿಗೆ ಲೆಕ್ಕವನ್ನು ಬಾಯಲ್ಲಿ ಹೇಳಿ, 30x40 ಸೈಟಿಗೆ ಬೇಲಿ ಹಾಕಲು ಎಷ್ಟು ಅಡಿ ತಂತಿ ಬೇಕು ಎಂದು ಕೇಳಿದರೆ, ನಾಲ್ಕೂ ಬದಿ ಕೂಡಿ 140 ಎನ್ನುವವರು ಇದ್ದಾರೆ. ಅಂಥವರಿಗೆ ಕಲಿಸಬೇಕಾದ್ದು ಗಣಿತ ಅಲ್ಲ.

ಕಾಕತಾಳೀಯವಾಗಿ ನಮ್ಮ ವ್ಯವಸ್ಥೆಯೂ ಇದೇ ತಿರುವಿನಲ್ಲಿ ಬದಲಾಗುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ, ರಿಷಿ ವ್ಯಾಲಿಯ ಮಾದರಿ ನೋಡಿ ಶಿಕ್ಷಕರೇ ಕಟ್ಟಿದ ನಲಿ-ಕಲಿ 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ಬಂತು. ಅಲ್ಲಿ ಅಕ್ಷರ ಕಲಿಕೆ ಅ, ಆ ಇಂದ ಹೊರಡುವುದಿಲ್ಲ, 'ರ ಗ ಸ ದ ಅ' ಇಂದ ಹೊರಟು ಮೊದಲ ದಿನಗಳಲ್ಲೇ ಪದ ಕಟ್ಟಿಸುತ್ತದೆ. ಮಕ್ಕಳು 'ತಟ್ಟೆ' ಎಂದು ಕರೆಯುವ ಗುಂಪುಗಳಲ್ಲಿ ಕೂರುತ್ತಾರೆ. ಒಂದು ತಟ್ಟೆಗೆ ಶಿಕ್ಷಕರ ಪೂರ್ಣ ಸಹಾಯ, ಇನ್ನೊಂದಕ್ಕೆ ಭಾಗಶಃ, ಮತ್ತೊಂದೆರಡಕ್ಕೆ ಗೆಳೆಯರದು, ಕೊನೆಯದು ಸ್ವಕಲಿಕೆಗೆ. ಮಗು ತನ್ನ ಮೈಲಿಗಲ್ಲು ದಾಟದೆ ಮುಂದಕ್ಕೆ ಹೋಗುವುದಿಲ್ಲ. ನಲಿ-ಕಲಿಯ ಬಗ್ಗೆ ಟೀಕೆಗಳಿವೆ, ಕಾರ್ಡುಗಳ ನಿರ್ವಹಣೆಯೇ ಶಿಕ್ಷಕರ ದಿನವನ್ನು ತಿಂದುಬಿಡುತ್ತದೆ ಎಂಬುದರಲ್ಲಿ ಸತ್ಯವೂ ಇದೆ. ಆದರೂ 'ಈ ಮಗು ಈಗ ಎಲ್ಲಿದೆ' ಎಂದು ಪ್ರತಿದಿನ ಕೇಳುವ ಒಂದು ಏರ್ಪಾಡು ಅದು.

ನಾಲ್ಕನೇ ತರಗತಿಗೆ ಕಾಲಿಟ್ಟ ದಿನ ಆ ಏರ್ಪಾಡು ಇಲ್ಲ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ, ಒಂದೇ ವೇಗ. ಓದಲು ಕಲಿಯುವ ಕಾಲ ಮುಗಿಯಿತು, ಇನ್ನು ಓದಿ ಕಲಿಯಬೇಕು ಎಂದು ವ್ಯವಸ್ಥೆ ತೀರ್ಮಾನಿಸಿಬಿಟ್ಟಿದೆ. ಅಮೆರಿಕದಲ್ಲಿ ಜೀನ್ ಚಾಲ್ ಬಡ ಮನೆಗಳ ಮಕ್ಕಳು ಸರಿಯಾಗಿ ಇದೇ ತರಗತಿಯಲ್ಲಿ ಕುಸಿಯುವುದನ್ನು ಗುರುತಿಸಿದ್ದರು. ಅವರ ಭಾಷೆಯಲ್ಲಿ ಅಕ್ಷರ 26. ಆ ದೇಶದಲ್ಲೇ ನಾಲ್ಕನೇ ತರಗತಿ ಕಷ್ಟವಾದರೆ, ಅಕ್ಷರಕಲಿಕೆಯೇ ನಾಲ್ಕನೇ ತರಗತಿಗೂ ಚಾಚಿಕೊಳ್ಳುವ ಲಿಪಿಯ ಮಕ್ಕಳಿಗೆ ನಾವು ಇನ್ನೂ ಒಂದೆರಡು ವರ್ಷ ಓದಿನ ಊರೆ ಕೊಡಬೇಕಲ್ಲವೇ? ನಲಿ-ಕಲಿಯ ಓದಿನ ಭಾಗವನ್ನಾದರೂ ಐದರವರೆಗೆ ಮುಂದುವರಿಸುವುದು ನನ್ನ ಮಟ್ಟಿಗೆ ಈ ಟಿಪ್ಪಣಿಯ ಅತ್ಯಂತ ಮುಖ್ಯ ಸಲಹೆ. 2020ರಲ್ಲಿ ಒಂದನೇ ತರಗತಿಗೆ ಸೇರಿದ ಮಕ್ಕಳ ಸ್ಥಿತಿ ಇದನ್ನು ಇನ್ನಷ್ಟು ಸ್ಪಷ್ಟ ಮಾಡುತ್ತದೆ. ಕೋವಿಡ್‌ನಿಂದ ಮುಚ್ಚಿದ ಕೆಳ ತರಗತಿಗಳು ರಾಜ್ಯದಲ್ಲಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಆ ಮಕ್ಕಳಿಗೆ ಒಂದನೇ ತರಗತಿಯ ತಟ್ಟೆಯೇ ಸಿಗಲಿಲ್ಲ, ಎರಡನೆಯದು ಅರ್ಧ ಸಿಕ್ಕಿತು. 2022-23ರ ಕಲಿಕಾ ಚೇತರಿಕೆ ವರ್ಷ ಕಳೆದು 2023ರಲ್ಲಿ ಅವರು ನಾಲ್ಕನೇ ತರಗತಿಯ ಪಠ್ಯಕ್ಕೆ ಬಂದರು.

ಮತ್ತೆ ಮೊದಲ ತೊಡಕಿಗೆ, ಈ ಸಲ ಭದ್ರಾವತಿಗೆ ಬರೋಣ. ಪರಿಕಲ್ಪನೆ ಕಲಿಸಲು ಸ್ಥಳೀಯ ಉದಾಹರಣೆ ಕೊಡಿ ಎಂಬ ಸಲಹೆ ತರಬೇತಿಗಳಲ್ಲಿ ಎಲ್ಲರೂ ಕೊಡುವಂಥದ್ದು. ಅದಕ್ಕೆ ಭದ್ರಾವತಿಗಿಂತ ಒಳ್ಳೆಯ ಊರು ಸಿಗಲಾರದು. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಮೈಸೂರು ಕಬ್ಬಿಣದ ಕಾರ್ಖಾನೆ ಇಲ್ಲಿ 1923ರಲ್ಲಿ ಕಬ್ಬಿಣ ತೆಗೆಯಿತು. ಅದಿರು ಕೆಮ್ಮಣ್ಣುಗುಂಡಿಯಿಂದ, ಕುಲುಮೆಗೆ ಇದ್ದಿಲು ಮಲೆನಾಡಿನ ಕಾಡಿನಿಂದ. ಅದಿರಿನಲ್ಲಿ ಕಬ್ಬಿಣಕ್ಕೆ ಅಂಟಿದ ಆಮ್ಲಜನಕವನ್ನು ಇದ್ದಿಲಿನ ಇಂಗಾಲ ಕಿತ್ತುಕೊಳ್ಳುತ್ತದೆ. ಹತ್ತನೇ ತರಗತಿಯ ಪುಸ್ತಕದಲ್ಲಿ ಇದು ಅಪಕರ್ಷಣ. ಕಾರ್ಖಾನೆಯಿಂದ ಹೊರಬಂದ ಕಬ್ಬಿಣ ಮಳೆಗೆ ನೆನೆದು ಆಮ್ಲಜನಕವನ್ನು ಮತ್ತೆ ಸೇರಿಸಿಕೊಂಡರೆ ತುಕ್ಕು, ಉತ್ಕರ್ಷಣ. ಒಂದೇ ರಸಾಯನಶಾಸ್ತ್ರ, ಎರಡು ದಿಕ್ಕು.

ಆದರೆ ಅಜ್ಜ ಕುಲುಮೆಯಲ್ಲಿ ದುಡಿದಿದ್ದ ಮನೆಯ ಹುಡುಗನನ್ನೇ ಕೇಳಿ: ಕಬ್ಬಿಣ ಪೂರ್ತಿ ತುಕ್ಕಾದರೆ ತೂಕ ಹೆಚ್ಚುತ್ತದೋ ಇಳಿಯುತ್ತದೋ? ಇಳಿಯುತ್ತದೆ ಎಂದೇ ಬರುತ್ತದೆ, ತುಕ್ಕು ಕಬ್ಬಿಣವನ್ನು 'ತಿಂದಿದೆ'ಯಲ್ಲ. ಹಳೆಯ ಗೇಟಿನಿಂದ ಪದರಪದರವಾಗಿ ಉದುರುವುದನ್ನು ಅವನು ನೋಡಿಯೂ ಇದ್ದಾನೆ. ಲೆಕ್ಕ ಮಾತ್ರ ಬೇರೆ: 112 ಗ್ರಾಂ ಕಬ್ಬಿಣ 48 ಗ್ರಾಂ ಆಮ್ಲಜನಕದೊಡನೆ ಸೇರಿ 160 ಗ್ರಾಂ ಕಬ್ಬಿಣದ ಆಕ್ಸೈಡ್ ಆಗುತ್ತದೆ, ತುಕ್ಕಿನಲ್ಲಿ ನೀರೂ ಸೇರುವುದರಿಂದ ತೂಕ ಇನ್ನೂ ಹೆಚ್ಚು. ತಟ್ಟೆಯಲ್ಲಿ ಕಬ್ಬಿಣದ ಪುಡಿ ಒದ್ದೆ ಮಾಡಿಟ್ಟು, ಒಂದು ಚೂರೂ ಚೆಲ್ಲದಂತೆ ಒಣಗಿಸಿ ತೂಗಿದರೆ ಮಾತ್ರ ಇದು ಕಾಣುತ್ತದೆ. ದಿನವೂ ಕಣ್ಣಿಗೆ ಬೀಳುವ ವಸ್ತು ಹೀಗೆ ಹಳೆಯ ನಂಬಿಕೆಯನ್ನೇ ಗಟ್ಟಿ ಮಾಡಲೂಬಹುದು.

ಬದುಕಿನ ಲೆಕ್ಕ ಶಾಲೆಯ ಲೆಕ್ಕವಾಗಿ ತಾನಾಗಿಯೇ ಹರಿಯುವುದಿಲ್ಲ ಎಂಬುದು ಬ್ರೆಜಿಲಿನ ರೆಸಿಫಿ ನಗರದ ಬೀದಿ ವ್ಯಾಪಾರದ ಮಕ್ಕಳ ಮೇಲೆ 1985ರಲ್ಲಿ ಪ್ರಕಟವಾದ ಅಧ್ಯಯನದಿಂದಲೂ ತಿಳಿದಿರುವ ಸಂಗತಿ. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ, ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಎಲಿಜಬೆತ್ ಸ್ಪೆಲ್ಕಿ ಮೊದಲಾದವರ ಬರಹ ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳಲ್ಲೂ ಇದನ್ನೇ ಕಂಡಿತು. ಅಂಗಡಿಯ ಮಗು ಕಾಗದದ ಮೇಲಿನ ಭಾಗಾಕಾರದಲ್ಲಿ ಸೋಲುತ್ತದೆ, ಶಾಲೆಯಲ್ಲಿ ಚುರುಕಾದ ಮಗು ಅಂಗಡಿಯ ಲೆಕ್ಕದಲ್ಲಿ ಸೋಲುತ್ತದೆ. ನಡುವೆ ಸೇತುವೆ ಕಟ್ಟುವುದು ಶಿಕ್ಷಕರ ಕೆಲಸ. ತರಕಾರಿ ಅಂಗಡಿಯ ಹುಡುಗಿಗೆ 0.5ರ ಪಕ್ಕ ಒಂದು ಸೊನ್ನೆ, ಇನ್ನೊಂದು ಸೊನ್ನೆ ಬರೆಸಿ, ಬೆಲೆ ಏಕೆ ಬದಲಾಗಲಿಲ್ಲ ಎಂದು ಅವಳ ಬಾಯಿಂದಲೇ ಹೇಳಿಸಬೇಕು. ಹೇಳಿಸದೆ ಬಿಟ್ಟರೆ ಅದು ಇನ್ನೊಂದು ಬಾಯಿಪಾಠವಾಗಿ ಉಳಿಯುತ್ತದೆ.

ಮನೆಮಾತಿನ ವಿಚಾರವನ್ನು ಇಲ್ಲಿ ಪೂರ್ತಿ ಬಿಡಿಸಲು ಜಾಗವಿಲ್ಲ. ಕಾರ್ಖಾನೆಯ ದುಡಿಮೆಗೆಂದು ಬಂದ ತಮಿಳು, ತೆಲುಗು ಮನೆಗಳು ಭದ್ರಾವತಿಯಲ್ಲಿವೆ. ಉರ್ದು ಎರಡೂ ಊರಿನಲ್ಲಿದೆ. ಸುತ್ತಲ ತಾಂಡಾಗಳಿಂದ ಬರುವ ಮಕ್ಕಳದು ಲಂಬಾಣಿ. ಇವರಿಗೆ ಶಾಲೆಯ ಕನ್ನಡ ಎರಡನೇ ಭಾಷೆ ಎಂದು ಶಿಕ್ಷಕರು ಹೇಳುವುದು ಸರಿ. ಆದರೆ ಮಹಾಪ್ರಾಣವಾಗಲಿ 'ಛೇದ'ದಂಥ ಪದವಾಗಲಿ ಕನ್ನಡ ಮನೆಯ ಮಗುವಿನ ಕಿವಿಗೂ ಬಿದ್ದಿರುವುದಿಲ್ಲ, ಪುಸ್ತಕದ ಕನ್ನಡ ಅದಕ್ಕೂ ಅರ್ಧ ಹೊಸತು. ಇಂಗ್ಲಿಷ್ ಮಾಧ್ಯಮದ ಕಡೆಗಿನ ಓಟದ ಬಗ್ಗೆ ಒಂದು ಮಾತು ಮಾತ್ರ. 2019-20ರಲ್ಲಿ ಸರ್ಕಾರ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆಯಿತು, ಪೋಷಕರ ಒತ್ತಾಯ ಸಹಜವೇ. ಗಫ್ ಮತ್ತು ಟನ್ಮರ್ 1986ರಲ್ಲಿ ಓದಿನ ಗ್ರಹಿಕೆಯನ್ನು ಅಕ್ಷರ ಬಿಡಿಸುವಿಕೆ ಮತ್ತು ಭಾಷೆಯ ತಿಳಿವಳಿಕೆಯ ಗುಣಲಬ್ಧ ಎಂದರು. ಗುಣಲಬ್ಧದಲ್ಲಿ ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಫಲ ಸೊನ್ನೆ. ಇಂಗ್ಲಿಷ್ ಪಾಠವನ್ನು ಗಡಗಡ ಓದಿ ಒಂದು ವಾಕ್ಯವನ್ನೂ ವಿವರಿಸಲಾಗದ ಮಕ್ಕಳನ್ನು ನೋಡುವಾಗ ನನಗೆ ಈ ಗುಣಾಕಾರ ನೆನಪಾಗುತ್ತದೆ, ಸಂಕಟವೂ ಆಗುತ್ತದೆ.

ಇನ್ನೊಂದು ಎಚ್ಚರ ಬೇಕು. ಎಷ್ಟು ಕಲಿಸಿದರೂ ಓದು ಹತ್ತದ ಮಕ್ಕಳು ಕೆಲವರಿರುತ್ತಾರೆ, ಅವರಿಗೆ ನಿರ್ದಿಷ್ಟ ಕಲಿಕಾ ನ್ಯೂನತೆ ಇರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಸ್ಥಿತಿಗಳಲ್ಲಿ ಅದೂ ಒಂದು. ಕನ್ನಡದಲ್ಲಿ ಓದಲು ಕಷ್ಟಪಡುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಮತ್ತು ಮಾರ್ಗರೆಟ್ ಸ್ನೋಲಿಂಗ್ 2011ರಲ್ಲಿ ಬರೆದಿದ್ದಾರೆ, ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಕಾಶ್ ಪಡಕಣ್ಣಾಯ ಅವರು ಕನ್ನಡದ ಓದಿನ ಮೇಲೆ ದೀರ್ಘಕಾಲ ಕೆಲಸ ಮಾಡಿದ್ದಾರೆ. ಇಂಥ ಮಗುವನ್ನು ಸೋಮಾರಿ ಅನ್ನುವುದು ಎಷ್ಟು ಅನ್ಯಾಯವೋ, ಪಾಠವೇ ಸಿಗದ ಮಗುವಿಗೆ ನ್ಯೂನತೆಯ ಹೆಸರು ಹಚ್ಚುವುದೂ ಅಷ್ಟೇ ಅನ್ಯಾಯ.

ಹಾಗಾದರೆ ತರಗತಿಯಲ್ಲಿ ಕೂತ ಶಿಕ್ಷಕರು ಎರಡು ತೊಡಕನ್ನು ಬೇರೆ ಮಾಡುವುದು ಹೇಗೆ? ಹೊಸ ಪರೀಕ್ಷೆ ಬೇಡ, ಇರುವ ಪ್ರಶ್ನೆಗಳನ್ನು ಆರಿಸುವ ಬಗೆ ಬದಲಾದರೆ ಸಾಕು. 0.35 ಮತ್ತು 0.62ರಲ್ಲಿ ದೊಡ್ಡದು ಯಾವುದು ಎಂದು ಕೇಳಿದರೆ ತಪ್ಪು ನಿಯಮದ ಮಗುವಿಗೂ ಪೂರ್ತಿ ಅಂಕ ಬರುತ್ತದೆ, ಎರಡರಲ್ಲೂ ಅಂಕೆಗಳ ಸಂಖ್ಯೆ ಸಮ. 0.4 ಮತ್ತು 0.35 ಕೇಳಿದರೆ ತರಕಾರಿ ಅಂಗಡಿಯ ಹುಡುಗಿಯ ನಿಯಮ ಹೊರಗೆ ಬೀಳುತ್ತದೆ, 0.45 ಮತ್ತು 0.3 ಕೇಳಿದರೆ ಚೂರಿನ ಗಾತ್ರವನ್ನಷ್ಟೇ ನೋಡುವ ಮಗುವಿನದು. ಪ್ರತಿ ಪಾಠಕ್ಕೂ ಇಂಥ ನಾಲ್ಕೈದು ಪ್ರಶ್ನೆ ಸಾಕು. ಅವನ್ನೇ ಎರಡು ಸಲ ಕೇಳಬೇಕು: ಒಮ್ಮೆ ಮಗು ತಾನೇ ಓದಿ ಬರೆಯಬೇಕು, ಕೆಲವು ದಿನ ಬಿಟ್ಟು ಶಿಕ್ಷಕರು ಬಾಯಲ್ಲಿ ಕೇಳಬೇಕು, ಬೇಕಿದ್ದರೆ ಮಗುವಿನ ಮನೆಮಾತು ಬಲ್ಲ ಗೆಳೆಯನ ನೆರವಿನಿಂದ. ಬರೆದಾಗ ತಪ್ಪಿ ಬಾಯಲ್ಲಿ ಸರಿ ಬಂದರೆ ಆ ಮಗುವಿಗೆ ಬೇಕಾದ್ದು ಓದಿನ ಅಭ್ಯಾಸ. ಎರಡು ಸಲವೂ ಒಂದೇ ಬಗೆಯ ತಪ್ಪು ಬಂದರೆ ಪರಿಕಲ್ಪನೆಯ ಮೇಲೆ ಕೆಲಸ ಮಾಡಬೇಕು, ಆ ತಪ್ಪಿನ ಬಗೆಯೇ ಎಲ್ಲಿಂದ ಶುರು ಮಾಡಬೇಕೆಂದು ಹೇಳುತ್ತದೆ. ಒಂದೊಂದು ಸಲ ಒಂದೊಂದು ಥರ ಬಂದರೆ ಮಗು ಊಹಿಸುತ್ತಿದೆ. ಅದಕ್ಕೆ ಹಿಂದಿನ ತರಗತಿಯ ಪಾಠದಿಂದ ಹೊರಡುವುದೇ ದಾರಿ. ತಪ್ಪು ಉತ್ತರವನ್ನು ಗೀಟು ಹಾಕಿ ಮರೆಯದೆ ಮಗುವಿನ ಹೆಸರಿನ ಮುಂದೆ ಹಾಗೇ ನಕಲು ಮಾಡಿಟ್ಟುಕೊಳ್ಳಬೇಕು, ಮೂರನೇ ತರಗತಿಯ ಕೊನೆಯಲ್ಲಿ ಒಮ್ಮೆ, ನಾಲ್ಕನೆಯದರ ಮಧ್ಯದಲ್ಲಿ ಒಮ್ಮೆ. ಕ್ರಮ ಮಾತ್ರ ತಪ್ಪಬಾರದು. ಬರಹದ ಸರದಿ ಮೊದಲು, ಮಾತಿನದು ನಂತರ. ಅದಲುಬದಲಾದರೆ ಮಗು ಕಿವಿಗೆ ಬಿದ್ದ ಪ್ರಶ್ನೆಯನ್ನು ನೆನಪಿಟ್ಟುಕೊಂಡು ಬರೆಯುತ್ತದೆ, ಓದಿನ ಅಳತೆ ಸಿಗುವುದಿಲ್ಲ.